ನೋಟು ಬೇಡ, ಉತ್ತರ ಬೇಕು

(ಭದ್ರಾವತಿಯಲ್ಲಿ ಕನ್ನಡ ಕಾರ್ಯಕರ್ತರು ಏರ್ಪಡಿಸಿದ್ದ ಸಭೆಯಲ್ಲಿ ಶಿವಮೊಗ್ಗದ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾಯಕರನ್ನು ಹೇಗೆ ಆರಿಸಬೇಕು ಎಂಬುದರ ಬಗ್ಗೆ ನಾಲ್ಕು ಮಾತಾಡಿ ಎಂದು ನನ್ನನ್ನು ಕರೆಸಿದ್ದೀರಿ. ನಾನು ರಾಜಕಾರಣಿಯಲ್ಲ. ಯಾವ ಪಕ್ಷದ ಸದಸ್ಯತ್ವದ ಚೀಟಿಯೂ ನನ್ನ ಜೇಬಿನಲ್ಲಿಲ್ಲ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನು. ಮೇಷ್ಟ್ರುಗಳ ಹಣೆಬರಹ ನಿಮಗೆ ಗೊತ್ತೇ ಇದೆ. ಜನಗಣತಿ ಬಂದರೂ ಅವರೇ, ಚುನಾವಣೆ ಬಂದರೂ ಅವರೇ. ಮತಪೆಟ್ಟಿಗೆ ಹೊತ್ತು ಹೋಗಿದ್ದೇನೆ, ಆಮೇಲೆ ಮತಯಂತ್ರ ಹೊತ್ತೂ ಹೋಗಿದ್ದೇನೆ. ಸಾವಿರಾರು ಜನರ ಬೆರಳಿಗೆ ಮಸಿ ಹಚ್ಚಿದ್ದೇನೆ. ಆ ಮಸಿ ನಮ್ಮ ಮೈಸೂರಿನಲ್ಲಿ ತಯಾರಾಗುವಂಥದ್ದು. ೧೯೬೨ರಿಂದ ಈ ದೇಶದ ಚುನಾವಣೆಗಳಲ್ಲಿ ಮತದಾರರ ಬೆರಳಿಗೆ ಬೀಳುತ್ತಿರುವುದು ಅದೇ ಮೈಸೂರಿನ ಮಸಿ. ಮಸಿ ನಮ್ಮದು, ಬೆರಳೂ ನಮ್ಮದು. ಆ ಬೆರಳನ್ನು ಯಾವ ಗುಂಡಿಯ ಮೇಲೆ ಒತ್ತಬೇಕು ಎನ್ನುವ ಬುದ್ಧಿ ಮಾತ್ರ ಯಾರದು? ಇವತ್ತು ಇದೊಂದೇ ಪ್ರಶ್ನೆ ಇಟ್ಟುಕೊಂಡು ಬಂದಿದ್ದೇನೆ.

ಒಂದು ವೋಟು, ಒಂದು ನೋಟು

ಇದಕ್ಕೆ ಉತ್ತರ ಹುಡುಕಿಕೊಂಡು ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಸತ್ಯಾಗ್ರಹ ಹೂಡಿದರು. ರಾಮಮನೋಹರ ಲೋಹಿಯಾ ಅವರೇ ಬಂದು ಇಲ್ಲಿ ಬಂಧನಕ್ಕೊಳಗಾದರು. ಆ ಹೋರಾಟದ ಬೆಂಕಿಯಲ್ಲಿ ಬೆಂದು ಬಂದವರು ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು. ಮರುವರ್ಷ, ಅಂದರೆ ೧೯೫೨ರಲ್ಲಿ, ಸ್ವತಂತ್ರ ಭಾರತದ ಮೊದಲ ಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷದಿಂದ ನಿಂತರು. ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ. ಕೈಯಲ್ಲಿ ಕಾಸಿಲ್ಲ. ಎದುರಿಗೆ ಸ್ವಾತಂತ್ರ್ಯ ತಂದ ಪಕ್ಷ.

ಗೌಡರು ಜನರ ಮುಂದೆ ನಿಂತು ಕೇಳಿದ್ದು ಎರಡು. ಒಂದು ವೋಟು, ಒಂದು ನೋಟು. ವೋಟನ್ನೂ ನೀವೇ ಕೊಡಿ, ಚುನಾವಣೆಗೆ ನಿಲ್ಲುವ ಖರ್ಚಿನ ದುಡ್ಡನ್ನೂ ನೀವೇ ಕೊಡಿ. ಜನ ಕೊಟ್ಟರು. ಗೆಲ್ಲಿಸಿದರು. ೧೯೫೭ರಲ್ಲಿ ಸೋಲಿಸಿಯೂ ಸೋಲಿಸಿದರು. ಮತ್ತೆ ೧೯೬೨ರಲ್ಲಿ, ೧೯೬೭ರಲ್ಲಿ ಗೆಲ್ಲಿಸಿ ಕಳಿಸಿದರು. ಗೌಡರು ೧೯೭೨ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಆಸ್ತಿ ಮಾಡಿಕೊಳ್ಳಲಿಲ್ಲ. ಗುತ್ತಿಗೆದಾರರ ಹಂಗಿಲ್ಲ, ಸಾಹುಕಾರರ ಹಂಗಿಲ್ಲ. ಇದ್ದ ಒಂದೇ ಹಂಗು ನೋಟು ಕೊಟ್ಟ ರೈತನದು, ಕೂಲಿಯವನದು. ಅದಕ್ಕೇ ವಿಧಾನಸಭೆಯಲ್ಲಿ ಅವರ ಬಾಯಿ ಕಟ್ಟಲು ಯಾರಿಂದಲೂ ಆಗಲಿಲ್ಲ.

ನಮ್ಮಲ್ಲಿ ಒಂದು ಗಾದೆಯಿದೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಸಾಲದ ವ್ಯವಹಾರಕ್ಕೆ ಈ ಗಾದೆ ಸರಿ ಇರಬಹುದು. ಚುನಾವಣೆಯ ವ್ಯವಹಾರದಲ್ಲಿ ಇದು ತಿರುಗುಮುರುಗು. ಇಲ್ಲಿ ಕೊಟ್ಟವನೇ ಈರಭದ್ರ, ಇಸಕೊಂಡವನೇ ಕೋಡಂಗಿ. ಆ ಕಾಲದಲ್ಲಿ ಮತದಾರ ಕೊಟ್ಟ, ಆದ್ದರಿಂದ ಮತದಾರ ಕೇಳಿದ. ಇವತ್ತು ಅಭ್ಯರ್ಥಿ ಕೊಡುತ್ತಾನೆ. ಗೆದ್ದ ಮೇಲೆ ಮನೆ ಬಾಗಿಲಿಗೆ ಹೋಗಿ, ಸ್ವಾಮಿ ನಮ್ಮ ಬೀದಿಗೆ ನೀರಿಲ್ಲ ಎಂದರೆ ಏನು ಹೇಳುತ್ತಾನೆ? ಬಾಯಲ್ಲಿ ಹೇಳುವುದಿಲ್ಲ, ಮನಸ್ಸಿನಲ್ಲಿ ಹೇಳುತ್ತಾನೆ: ನಿನ್ನ ಲೆಕ್ಕ ಅವತ್ತೇ ಚುಕ್ತಾ ಆಯಿತಲ್ಲ!

ಲೆಕ್ಕ ಮಾಡೋಣ. ನಾನು ಮೇಷ್ಟ್ರು, ಲೆಕ್ಕ ಬಿಡಲಾರೆ. ಒಂದು ವೋಟಿಗೆ ಎರಡು ಸಾವಿರ ರೂಪಾಯಿ ಎಂದೇ ಇಟ್ಟುಕೊಳ್ಳಿ. ಐದು ವರ್ಷಕ್ಕೆ ಒಂದು ಸಾವಿರದ ಎಂಟುನೂರ ಇಪ್ಪತ್ತಾರು ದಿನ. ಭಾಗಿಸಿ ನೋಡಿ. ದಿನಕ್ಕೆ ಒಂದು ರೂಪಾಯಿ ಹತ್ತು ಪೈಸೆ ಬೀಳುತ್ತದೆ. ಅರ್ಧ ಲೋಟ ಚಹಾ ಕೂಡ ಬರುವುದಿಲ್ಲ. ಅಷ್ಟಕ್ಕೆ ನಮ್ಮ ರಸ್ತೆ, ನಮ್ಮ ಶಾಲೆ, ನಮ್ಮ ಆಸ್ಪತ್ರೆ, ನಮ್ಮ ನುಡಿ ಎಲ್ಲವನ್ನೂ ಬರೆದುಕೊಟ್ಟ ಹಾಗಾಯಿತು.

ಕೆಲವು ಜಾಣರು ಹೇಳುತ್ತಾರೆ: ಅದು ಅವರಪ್ಪನ ಮನೆ ದುಡ್ಡಲ್ಲ ಸಾರ್, ನಮ್ಮದೇ ದುಡ್ಡು, ಇಸಕೊಂಡು ಬೇಕಾದವರಿಗೆ ಹಾಕೋಣ. ಕೇಳಲು ಚೆನ್ನಾಗಿದೆ. ಆದರೆ ಹೀಗೆ ಮಾಡಿದರೆ ದುಡ್ಡಿಲ್ಲದ ಪ್ರಾಮಾಣಿಕ ಮನುಷ್ಯ ಇನ್ನು ಮುಂದೆ ನಾಮಪತ್ರ ಹಾಕುವ ಧೈರ್ಯವನ್ನೇ ಮಾಡುವುದಿಲ್ಲ. ೨೦೨೨ರಲ್ಲಿ ಚುನಾವಣಾ ಆಯೋಗ ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿಯನ್ನು ೪೦ ಲಕ್ಷ ರೂಪಾಯಿಗೆ ಏರಿಸಿತು. ಈ ಮಿತಿಯೊಳಗೆ ಇರುವವರು ಎಷ್ಟು ಜನ ಎಂದು ನಿಮ್ಮ ನಿಮ್ಮ ವಾರ್ಡಿನಲ್ಲಿ ನೀವೇ ಕಣ್ಣಾರೆ ನೋಡಿದ್ದೀರಿ. ಮಿತಿ ಮೀರಿ ಸುರಿದವನು ಅದನ್ನು ಎಲ್ಲಿಂದ ಎತ್ತುತ್ತಾನೆ? ನಿಮ್ಮ ಚರಂಡಿಯ ಸಿಮೆಂಟಿನಿಂದ, ನಿಮ್ಮ ಮಕ್ಕಳ ಹಾಸ್ಟೆಲಿನ ಅಕ್ಕಿಯಿಂದ.

ಇನ್ನೊಂದು ಮಾತು. ವೋಟಿಗಾಗಿ ದುಡ್ಡು ಕೊಡುವುದು ಮಾತ್ರ ಅಪರಾಧ ಎಂದು ತಿಳಿದಿದ್ದೀರಾ? ತೆಗೆದುಕೊಳ್ಳುವುದೂ ಅಪರಾಧವೇ. ಹಿಂದಿನ ದಂಡ ಸಂಹಿತೆಯಲ್ಲೂ ಹಾಗೇ ಇತ್ತು, ೨೦೨೪ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹಾಗೇ ಇದೆ. ಒಂದು ವರ್ಷದವರೆಗೆ ಜೈಲು ಶಿಕ್ಷೆ ಕೊಡಬಹುದು.

ಇಷ್ಟು ಹೇಳಿದರೂ, ಕೂಲಿ ಮಾಡುವ ಒಬ್ಬ ತಾಯಿ ಐನೂರು ರೂಪಾಯಿಗೆ ಕೈಯೊಡ್ಡಿದರೆ ಅವಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಸಂಬಳ ನಿಂತ ಊರಿನಲ್ಲಿ ನೋಟಿಗೆ ಬೆಲೆ ಜಾಸ್ತಿ. ಹಾಗಾದರೆ ಈ ಊರಿನ ಸಂಬಳ ನಿಂತದ್ದು ಯಾಕೆ? ಅದನ್ನು ಕೇಳಬೇಕಾದವರು ಯಾರು? ಯಾರನ್ನು ಕೇಳಬೇಕು?

ಯಾರನ್ನು ಏನು ಕೇಳಬೇಕು?

ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಊರು ನಿಮ್ಮದು. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ ಇಲ್ಲಿ ೧೯೨೩ರಲ್ಲಿ ಉತ್ಪಾದನೆ ಶುರುಮಾಡಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಟ್ಟಿಗೆ, ಭದ್ರೆಯ ನೀರು. ೧೯೩೬ರಲ್ಲಿ ನಾಲ್ವಡಿಯವರ ಕಾಲದಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಎಷ್ಟೋ ಕನ್ನಡ ಪತ್ರಿಕೆಗಳು ಅಚ್ಚಾದದ್ದು ಇಲ್ಲಿ ತಯಾರಾದ ಕಾಗದದ ಮೇಲೆ. ನ್ಯೂಟೌನ್, ಪೇಪರ್ ಟೌನ್ ಎಂಬ ಬಡಾವಣೆಗಳ ಹೆಸರು ಕೇಳಿದರೇ ಸಾಕು, ಈ ಊರಿನ ಚರಿತ್ರೆ ಗೊತ್ತಾಗುತ್ತದೆ.

ಈಗ? ಕಾಗದ ಕಾರ್ಖಾನೆಯ ಉತ್ಪಾದನೆ ೨೦೧೫ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆ ೧೯೮೯ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು, ೧೯೯೮ರಲ್ಲಿ ಅದರೊಳಗೆ ವಿಲೀನವಾಯಿತು. ೨೦೧೬ರಲ್ಲಿ ಮಾರಾಟದ ಪಟ್ಟಿಗೆ ಸೇರಿತು. ಕೊಳ್ಳುವವರು ಗಟ್ಟಿಯಾಗಿ ಬರಲಿಲ್ಲ. ೨೦೨೩ರ ಜನವರಿಯಲ್ಲಿ ಮುಚ್ಚುವ ತೀರ್ಮಾನವೇ ಬಂತು. ಕಾರ್ಮಿಕರು ಬೀದಿಗಿಳಿದು ಧರಣಿ ಕೂತರು. ಚುನಾವಣೆಯೂ ಅದೇ ವರ್ಷ. ಆಗಸ್ಟ್‌ನಲ್ಲಿ ಒಂದು ಭಾಗದ ಕೆಲಸ ಮತ್ತೆ ಶುರುವಾಯಿತು. ೨೦೨೪ರಲ್ಲಿ ಕೇಂದ್ರ ಉಕ್ಕು ಸಚಿವರು ಬಂದು ನೋಡಿ ಹೋದರು.

ಈ ನೂರು ವರ್ಷದ ಕಥೆಯಲ್ಲಿ ಮತದಾರನಿಗೆ ಒಂದು ಪಾಠವಿದೆ. ಎರಡು ಕಾರ್ಖಾನೆಗೆ ಇಬ್ಬರು ಯಜಮಾನರು. ಕಾಗದ ಕಾರ್ಖಾನೆ ರಾಜ್ಯ ಸರ್ಕಾರದ ಕಂಪನಿ. ಕಬ್ಬಿಣದ ಕಾರ್ಖಾನೆ ಕೇಂದ್ರದ್ದು. ವಿಧಾನಸಭೆ ಚುನಾವಣೆಗೆ ನಿಂತವನು ನಿಮ್ಮ ಮುಂದೆ ಬಂದು ಉಕ್ಕಿನ ಕಾರ್ಖಾನೆ ತೆರೆಸುತ್ತೇನೆ ಎಂದು ಎದೆ ತಟ್ಟಿದರೆ, ಅಣ್ಣಾ ಮೊದಲು ನಿಮ್ಮ ಸರ್ಕಾರದ ಕಾಗದ ಕಾರ್ಖಾನೆಯ ವಿಷಯ ಹೇಳು ಎನ್ನಿ. ಯಂತ್ರ ನಿಂತು ಐದು ವರ್ಷವಾದ ಮೇಲೆ, ೨೦೨೦ರಲ್ಲಿ, ಅದರ ನೆಡುತೋಪಿನ ಅರಣ್ಯಭೂಮಿಯ ಗುತ್ತಿಗೆಯನ್ನು ನಲವತ್ತು ವರ್ಷಕ್ಕೆ ಮುಂದುವರಿಸಲು ಹೊರಟರಲ್ಲ, ಕಾರ್ಖಾನೆಯಿಲ್ಲದೆ ಕಾಡು ಯಾರಿಗೆ ಎಂದು ಕೇಳಿ. ಲೋಕಸಭೆಗೆ ನಿಂತವನು ಬಂದು ಬೀದಿದೀಪ ಹಾಕಿಸುತ್ತೇನೆ ಎಂದರೆ, ದೀಪಕ್ಕೆ ನಗರಸಭೆ ಇದೆ ಮಹಾರಾಯ, ನೀನು ಉಕ್ಕಿನ ವಿಷಯ ಹೇಳು, ಸ್ವಂತ ಗಣಿಯ ವಿಷಯ ಹೇಳು, ಬಂಡವಾಳದ ವಿಷಯ ಹೇಳು ಎನ್ನಿ. ನಗರಸಭೆಗೆ ನಿಂತವನು ದೇಶ ಉಳಿಸುವ ಮಾತಾಡಿದರೆ, ದೇಶ ಆಮೇಲೆ, ಮೊದಲು ಹಳೇನಗರದ ಕುಡಿಯುವ ನೀರಿನ ಮಾತಾಡು ಎನ್ನಿ.

ಅಧಿಕಾರ ಇಲ್ಲದ ಕೆಲಸಕ್ಕೆ ಮಾತು ಕೊಡುವುದು ಬಹಳ ಸುಲಭ. ಆಗದಿದ್ದರೆ ಅದು ನನ್ನ ಕೈಯಲ್ಲಿರಲಿಲ್ಲ ಎನ್ನಬಹುದು. ಕೇಂದ್ರದವರು ರಾಜ್ಯದವರ ಕಡೆ ಕೈ ತೋರಿಸುತ್ತಾರೆ, ರಾಜ್ಯದವರು ಕೇಂದ್ರದ ಕಡೆ. ನಡುವೆ ಭದ್ರಾವತಿಯ ಹುಡುಗ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಯಾವ ಕೆಲಸ ಯಾರದು ಎಂದು ಮತದಾರನಿಗೆ ಮೊದಲೇ ಗೊತ್ತಿದ್ದರೆ ಈ ಆಟ ನಡೆಯುವುದಿಲ್ಲ.

ವ್ಯಕ್ತಿಯೋ, ಪಕ್ಷವೋ?

ಪಕ್ಷ ನೋಡಬೇಡಿ, ವ್ಯಕ್ತಿ ನೋಡಿ ಎನ್ನುವವರಿದ್ದಾರೆ. ವ್ಯಕ್ತಿ ಬೇಡ, ಪಕ್ಷ ನೋಡಿ ಎನ್ನುವವರೂ ಇದ್ದಾರೆ. ನಮ್ಮ ಜಿಲ್ಲೆ ಎರಡನ್ನೂ ಮಾಡಿ ನೋಡಿದೆ. ಸೊರಬದ ಜನ ಬಂಗಾರಪ್ಪನವರನ್ನು ೧೯೬೭ರಿಂದ ಸತತ ಏಳು ಬಾರಿ ವಿಧಾನಸಭೆಗೆ ಕಳಿಸಿದರು. ಆಮೇಲೆ ೧೯೯೬, ೧೯೯೯, ೨೦೦೪, ೨೦೦೫ರಲ್ಲಿ ಶಿವಮೊಗ್ಗ ಲೋಕಸಭಾ ಕ್ಷೇತ್ರ ಅವರನ್ನು ಗೆಲ್ಲಿಸಿತು. ನಾಲ್ಕು ಸಲವೂ ಪಕ್ಷ ಬೇರೆ ಬೇರೆ. ಜನ ನೋಡಿದ್ದು ಮನುಷ್ಯನನ್ನು. ನಿಮ್ಮ ಭದ್ರಾವತಿಯೂ ೧೯೯೪ರಲ್ಲಿ ಮತ್ತು ೧೯೯೯ರಲ್ಲಿ ಎಂ.ಜೆ. ಅಪ್ಪಾಜಿಯವರನ್ನು ಪಕ್ಷೇತರರಾಗಿ ಗೆಲ್ಲಿಸಿತು. ೨೦೧೮ರಲ್ಲಿ ಜಿಲ್ಲೆಯ ಏಳು ಸ್ಥಾನಗಳಲ್ಲಿ ಆರನ್ನು ಬಿಜೆಪಿ ಗೆದ್ದಾಗ ನೀವೊಬ್ಬರೇ ಕಾಂಗ್ರೆಸ್ಸಿನವರನ್ನು ಕಳಿಸಿದಿರಿ. ಯಾರು ಸರಿ, ಯಾರು ತಪ್ಪು ಎಂದು ಹೇಳಲು ನಾನು ಬಂದಿಲ್ಲ. ಗಾಳಿ ಬಂದ ಕಡೆ ತೂರಿಕೊಳ್ಳುವ ಊರು ಇದಲ್ಲ ಎನ್ನುವುದಷ್ಟೇ ನನ್ನ ಮಾತು.

ಆದರೆ ೧೯೮೫ರಲ್ಲಿ ಪಕ್ಷಾಂತರ ನಿಷೇಧ ಕಾಯಿದೆ ಬಂದ ಮೇಲೆ ಒಂದು ಬದಲಾವಣೆಯಾಗಿದೆ. ಸದನದಲ್ಲಿ ಪಕ್ಷ ವಿಪ್ ಕೊಟ್ಟರೆ ಶಾಸಕ ಅದರಂತೆಯೇ ಕೈ ಎತ್ತಬೇಕು. ಮೀರಿದರೆ ಸ್ಥಾನ ಹೋಗುತ್ತದೆ. ನೀವು ಎಷ್ಟೇ ಒಳ್ಳೆಯ ಮನುಷ್ಯನನ್ನು ಕಳಿಸಿ, ಪಕ್ಷದ ಹೈಕಮಾಂಡ್ ದೆಹಲಿಯಲ್ಲಿ ಕೂತು ಒಂದು ಹೇಳಿದರೆ ಆ ಒಳ್ಳೆಯ ಮನುಷ್ಯನ ನಾಲಿಗೆ ಒಳಗೆ ಹೋಗುತ್ತದೆ. ಆದ್ದರಿಂದ ಮನುಷ್ಯನನ್ನೂ ನೋಡಬೇಕು, ಅವನ ಹಗ್ಗ ಯಾರ ಕೈಯಲ್ಲಿದೆ ಎಂದೂ ನೋಡಬೇಕು. ಕನ್ನಡ ನಾಡಿನ ವಿಷಯ ಬಂದಾಗ, ನೀರಿನ ವಿಷಯ, ಗಡಿಯ ವಿಷಯ, ಉದ್ಯೋಗದ ವಿಷಯ ಬಂದಾಗ ನಿನ್ನ ಪಕ್ಷ ಬೇರೆ ಮಾತಾಡಿದರೆ ನೀನು ಏನು ಮಾಡುತ್ತೀಯ? ಈ ಪ್ರಶ್ನೆಯನ್ನು ಪ್ರತಿಯೊಬ್ಬ ಅಭ್ಯರ್ಥಿಗೂ ಬಹಿರಂಗವಾಗಿ ಹಾಕಿ. ಉತ್ತರ ಬರೆದಿಟ್ಟುಕೊಳ್ಳಿ.

ಕಾಯಿದೆ ಇದ್ದೂ ಏನಾಯಿತು ಎಂಬುದನ್ನೂ ನೋಡಿದ್ದೇವೆ. ೨೦೧೯ರಲ್ಲಿ ನಮ್ಮ ರಾಜ್ಯದ ೧೭ ಶಾಸಕರು ಅನರ್ಹರಾದರು. ಡಿಸೆಂಬರ್‌ನಲ್ಲಿ ೧೫ ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಅನರ್ಹರಾದವರಲ್ಲಿ ಹೆಚ್ಚಿನವರು ಇನ್ನೊಂದು ಪಕ್ಷದಿಂದ ನಿಂತು ಗೆದ್ದು ಬಂದರು. ಕಾಯಿದೆ ಹೊರಗೆ ಹಾಕಿತು, ಮತದಾರ ಒಳಗೆ ಕರೆದ. ಹೊಳೆ ದಾಟಿದ ಮೇಲೆ ಅಂಬಿಗ ಯಾಕೆ ಎನ್ನುವವರನ್ನು ಮತ್ತೆ ಮತ್ತೆ ದೋಣಿಗೆ ಹತ್ತಿಸಿಕೊಳ್ಳುವುದು ನಾವೇ. ಹಾಗಿರುವಾಗ ಕಾಯಿದೆಯನ್ನು ಮಾತ್ರ ದೂರಿ ಏನು ಪ್ರಯೋಜನ?

ಕನ್ನಡ ಎಂಬ ಅಳತೆಗೋಲು

ಇನ್ನು ನಮ್ಮ ನುಡಿಯ ವಿಷಯಕ್ಕೆ ಬರುತ್ತೇನೆ. ೧೯೬೭ರಲ್ಲಿ ಶಿವಮೊಗ್ಗ ಕ್ಷೇತ್ರದ ಜನ ಜೆ.ಎಚ್. ಪಟೇಲರನ್ನು ಲೋಕಸಭೆಗೆ ಕಳಿಸಿದರು. ಚನ್ನಗಿರಿ ಸೀಮೆಯವರು. ಚನ್ನಗಿರಿ ಆಗ ನಮ್ಮ ಜಿಲ್ಲೆಯಲ್ಲೇ ಇತ್ತು, ದಾವಣಗೆರೆಗೆ ಸೇರಿದ್ದು ೧೯೯೭ರಲ್ಲಿ. ಪಟೇಲರು ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಆ ಸದನದಲ್ಲಿ ಕನ್ನಡದ ಭಾಷಣ ಕೇಳಿಸಿದ್ದು ಅದೇ ಮೊದಲು. ಸಂವಿಧಾನದ ೧೨೦ನೆಯ ವಿಧಿಯಲ್ಲಿ ಹಿಂದಿ, ಇಂಗ್ಲಿಷು ಎರಡೇ ಸಂಸತ್ತಿನ ಭಾಷೆ. ಅವುಗಳಲ್ಲಿ ಸರಿಯಾಗಿ ಹೇಳಲಾಗದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು ಎಂದಷ್ಟೇ ಇದೆ. ಪಟೇಲರು ಆ ಸಣ್ಣ ಕಿಂಡಿಯನ್ನು ಬಾಗಿಲು ಮಾಡಿದರು. ಅನುಮತಿ ಕೊಟ್ಟ ಸಭಾಧ್ಯಕ್ಷರು ನೀಲಂ ಸಂಜೀವ ರೆಡ್ಡಿ, ತೆಲುಗಿನವರು.

ಗೋಪಾಲಗೌಡರು ಇತ್ತ ವಿಧಾನಸಭೆಯಲ್ಲಿ ಕನ್ನಡಕ್ಕಾಗಿ, ಈ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಿಗಾಗಿ ಹೋರಾಡಿದರು. ಆ ಹೆಸರು ಬಂದದ್ದು ೧೯೭೩ರ ನವೆಂಬರ್ ೧ರಂದು. ಗೌಡರು ತೀರಿಕೊಂಡು ವರ್ಷದ ಮೇಲಾಗಿತ್ತು. ಇವರಿಬ್ಬರೂ ಕನ್ನಡದ ಹೆಸರು ಹೇಳಿ ವೋಟು ಕೇಳಿದವರಲ್ಲ. ಬಡವರ ಹೆಸರಿನಲ್ಲಿ, ಸಮಾಜವಾದದ ಹೆಸರಿನಲ್ಲಿ ಕೇಳಿದರು. ಗೆದ್ದು ಹೋಗಿ ಕನ್ನಡದ ಕೆಲಸ ಮಾಡಿದರು. ಈಗ ವೋಟು ಕೇಳುವಾಗ ಕನ್ನಡಾಂಬೆ, ಗೆದ್ದ ಮೇಲೆ ಮಗ ಇಂಗ್ಲಿಷು ಶಾಲೆಯ ಮಾಲೀಕ!

ಇಲ್ಲಿ ನಾನು ಹೇಳುವ ಮಾತು ನಮ್ಮ ಕೆಲವು ಹುಡುಗರಿಗೆ ರುಚಿಸದೆ ಇರಬಹುದು. ಹೇಳದೆ ಹೋದರೆ ಬಂದದ್ದು ವ್ಯರ್ಥ. ಮನೆಮಾತು ಕನ್ನಡ ಎಂಬ ಒಂದೇ ಕಾರಣಕ್ಕೆ ಯಾರಿಗೂ ವೋಟು ಹಾಕಬೇಡಿ. ಮನೆಮಾತು ಬೇರೆ ಎಂಬ ಒಂದೇ ಕಾರಣಕ್ಕೆ ಯಾರಿಗೂ ವೋಟು ತಪ್ಪಿಸಬೇಡಿ. ಮಾಸ್ತಿಯವರ ಮನೆಮಾತು ತಮಿಳು. ಬೇಂದ್ರೆಯವರದು ಮರಾಠಿ. ನಮ್ಮ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ ನಿಸಾರ್ ಅಹಮದ್ ಅವರದು ಉರ್ದು. ಇವರಿಗಿಂತ ದೊಡ್ಡ ಕನ್ನಡಿಗರನ್ನು ನೀವು ತೋರಿಸುತ್ತೀರಾ?

ಈ ಭದ್ರಾವತಿಯನ್ನು ಕಟ್ಟಿದವರು ಯಾರು? ಕುಲುಮೆಯ ಮುಂದೆ ಬೆವರು ಸುರಿಸಿದವರಲ್ಲಿ ಕನ್ನಡದವರಿದ್ದರು, ತಮಿಳರಿದ್ದರು, ತೆಲುಗರಿದ್ದರು, ಮಲಯಾಳಿಗಳಿದ್ದರು, ಉರ್ದು ಮಾತಾಡುವವರಿದ್ದರು. ಅವರ ಮೊಮ್ಮಕ್ಕಳು ಇವತ್ತು ಈ ಊರಿನ ಕನ್ನಡ ಶಾಲೆಗಳಲ್ಲಿ ಓದಿದವರು. ಅವರನ್ನು ಹೊರಗಿನವರು ಎಂದು ಕರೆದರೆ, ಚುನಾವಣೆಯ ಹೊತ್ತಿಗೆ ಅವರ ಭಾಷೆಯಲ್ಲಿ ನಾಲ್ಕು ಮಾತಾಡಿ ಓಟಿನ ಗಂಟು ಕಟ್ಟಿಕೊಳ್ಳುವ ಪುಢಾರಿಗೆ ನಾವೇ ದಾರಿ ಮಾಡಿಕೊಟ್ಟಂತೆ. ಅವರೂ ನಮ್ಮವರೇ ಎಂದು ಸೇರಿಸಿಕೊಂಡರೆ, ಕನ್ನಡದ ಕೆಲಸ ಎಲ್ಲರ ಬೇಡಿಕೆಯಾಗುತ್ತದೆ.

ಕಾನೂನೂ ಇದನ್ನೇ ಹೇಳುತ್ತದೆ. ೧೯೫೧ರ ಪ್ರಜಾಪ್ರತಿನಿಧಿ ಕಾಯಿದೆಯ ೧೨೩ನೆಯ ಕಲಮಿನಲ್ಲಿ ಧರ್ಮ, ಜಾತಿ ಇವುಗಳ ಜೊತೆಗೆ ಭಾಷೆಯ ಹೆಸರಿನಲ್ಲಿ ಮತ ಕೇಳುವುದೂ ಭ್ರಷ್ಟ ಆಚರಣೆ. ೨೦೧೭ರ ಜನವರಿ ೨ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಇದರ ವ್ಯಾಪ್ತಿಯನ್ನು ಇನ್ನೂ ಹಿಗ್ಗಿಸಿತು. ಅಭ್ಯರ್ಥಿಯ ಧರ್ಮ, ಜಾತಿ, ಭಾಷೆ ಮಾತ್ರವಲ್ಲ, ಮತದಾರನ ಧರ್ಮ, ಜಾತಿ, ಭಾಷೆಯ ಹೆಸರಿನಲ್ಲೂ ಕೇಳುವಂತಿಲ್ಲ. ನಾಲ್ವರು ಒಂದು ಕಡೆ, ಮೂವರು ಇನ್ನೊಂದು ಕಡೆ ನಿಂತ ತೀರ್ಪು ಅದು. ಭಾಷೆಯ ಸಮಸ್ಯೆಗಳನ್ನು ಚರ್ಚಿಸಲೇಬಾರದೇ ಎಂದು ಆ ಮೂವರು ಕೇಳಿದರು. ಚರ್ಚಿಸಬೇಕು. ನಾನು ಕನ್ನಡಿಗ, ಅದಕ್ಕೆ ವೋಟು ಕೊಡಿ ಎನ್ನುವುದು ಬೇರೆ. ತಾಲ್ಲೂಕು ಕಚೇರಿಯ ಪತ್ರ ಕನ್ನಡದಲ್ಲಿ ಬರುವಂತೆ ಮಾಡುತ್ತೇನೆ, ಬ್ಯಾಂಕಿನ ಚಲನ್ ಕನ್ನಡದಲ್ಲಿ ಇರುವಂತೆ ಮಾಡುತ್ತೇನೆ, ಸರ್ಕಾರಿ ಕನ್ನಡ ಶಾಲೆಗೆ ಮೇಷ್ಟ್ರು ತರಿಸುತ್ತೇನೆ ಎಂದು ಲೆಕ್ಕ ಕೊಡುವುದು ಬೇರೆ. ನಮಗೆ ಬೇಕಾದದ್ದು ಎರಡನೆಯದು. ನಾಲ್ಕು ಜನ ಸೇರಿ ಅದನ್ನು ಕೇಳಿ ಪಡೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ರಾಜ್ಯಸಭೆಯ ಕಥೆಯನ್ನೂ ಇದೇ ಬೆಳಕಿನಲ್ಲಿ ನೋಡಿ. ನಾವು ಆರಿಸಿದ ಶಾಸಕರು ನಮ್ಮ ರಾಜ್ಯದ ೧೨ ರಾಜ್ಯಸಭಾ ಸದಸ್ಯರನ್ನು ಆರಿಸುತ್ತಾರೆ. ಮೊದಲು ಆ ರಾಜ್ಯದ ಮತದಾರನೇ ಆಗಿರಬೇಕೆಂಬ ನಿಯಮವಿತ್ತು. ೨೦೦೩ರಲ್ಲಿ ಅದನ್ನು ತೆಗೆದರು. ೨೦೦೬ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಒಪ್ಪಿಗೆ ಕೊಟ್ಟಿತು. ಆ ನಿಯಮ ಇದ್ದ ಕಾಲದಲ್ಲೂ, ಹೋದ ಮೇಲೂ ಆಂಧ್ರದ ವೆಂಕಯ್ಯ ನಾಯ್ಡು ಅವರು ೧೯೯೮ರಿಂದ ೨೦೧೬ರವರೆಗೆ ಮೂರು ಅವಧಿ ನಮ್ಮ ರಾಜ್ಯದಿಂದಲೇ ಆರಿಸಿ ಹೋದರು. ಅವರ ಮನೆಮಾತಿನ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ನಡುವೆ ಮನೆಯಿಲ್ಲದವರನ್ನು ಭದ್ರಾವತಿಯ ಕಾರ್ಮಿಕ ಎಲ್ಲಿಗೆ ಹೋಗಿ ಕೇಳಬೇಕು? ಇದೇ ನನ್ನ ತಕರಾರು. ೨೦೧೬ರಲ್ಲಿ ಕನ್ನಡಿಗರು ಗಟ್ಟಿಯಾಗಿ ಧ್ವನಿ ಎತ್ತಿದರು. ಆ ಸಲ ಅವರು ರಾಜಸ್ಥಾನದಿಂದ ಹೋದರು. ಧ್ವನಿ ಎತ್ತಿದರೆ ಕೇಳಿಸುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ನಡೆಯದ ಚುನಾವಣೆಗಳು

ವೋಟು ಮಾರಬೇಡಿ ಎಂದು ಮತದಾರನಿಗೆ ಬುದ್ಧಿ ಹೇಳುವವರು ಬಹಳ. ವೋಟು ಹಾಕುವ ಅವಕಾಶವನ್ನ್ನೇ ಕಸಿದುಕೊಂಡವರಿಗೆ ಬುದ್ಧಿ ಹೇಳುವವರು ಯಾರು? ಅಬ್ದುಲ್ ನಜೀರ್ ಸಾಬರ ಶ್ರಮದಿಂದ ೧೯೮೭ರಲ್ಲಿ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿ ಚುನಾವಣೆ ನಡೆಸಿ ದೇಶಕ್ಕೇ ದಾರಿ ತೋರಿಸಿದ ರಾಜ್ಯ ನಮ್ಮದು. ಅದೇ ರಾಜ್ಯದಲ್ಲಿ ೨೦೧೬ರಲ್ಲಿ ಆರಿಸಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ೨೦೨೧ರಲ್ಲಿ ಮುಗಿದರೂ ಸಮಯಕ್ಕೆ ಚುನಾವಣೆ ನಡೆಯಲಿಲ್ಲ. ಮೀಸಲಾತಿ, ಕ್ಷೇತ್ರ ವಿಂಗಡಣೆ, ಕೋರ್ಟು ಎಂದು ವರ್ಷ ವರ್ಷ ಉರುಳಿದವು. ಆ ಅವಧಿಯಲ್ಲಿ ಒಂದು ಪಕ್ಷವಲ್ಲ, ಎರಡು ಪಕ್ಷಗಳ ಸರ್ಕಾರ ಬಂದವು. ಈ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮನಸ್ಸು! ನಮ್ಮ ಶಿವಮೊಗ್ಗ ಮಹಾನಗರ ಪಾಲಿಕೆಗೆ ೨೦೧೮ರಲ್ಲಿ ಚುನಾವಣೆ ನಡೆಯಿತು. ೨೦೨೩ರ ಕೊನೆಗೆ ಅವಧಿ ಮುಗಿದಾಗ ಅಧಿಕಾರ ಆಡಳಿತಾಧಿಕಾರಿಯ ಕೈಗೆ ಹೋಯಿತು. ಪಂಚಾಯಿತಿಗೂ ಪಾಲಿಕೆಗೂ ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕೆಂದು ಸಂವಿಧಾನವೇ ಹೇಳುತ್ತದೆ.

ವಾರ್ಡಿನ ಸದಸ್ಯನಾಗಿ, ತಾಲ್ಲೂಕು ಪಂಚಾಯಿತಿ ಸದಸ್ಯನಾಗಿ ಕೆಲಸ ಮಾಡಿ ತೋರಿಸಿದವನನ್ನೇ ಜನ ನಾಳೆ ಶಾಸಕನನ್ನಾಗಿ ಮಾಡಬೇಕು. ನಾಯಕ ಬೆಳೆಯುವ ಗದ್ದೆ ಅದು. ಸಸಿಮಡಿಯನ್ನೇ ಒಣಗಿಸಿದರೆ ನಾಟಿ ಮಾಡುವುದು ಏನನ್ನು? ಆಗ ಉಳಿಯುವುದು ಅಪ್ಪನ ಕ್ಷೇತ್ರ ಮಗನಿಗೆ, ಅಣ್ಣನ ಕ್ಷೇತ್ರ ತಮ್ಮನಿಗೆ, ದುಡ್ಡಿದ್ದವನ ಕ್ಷೇತ್ರ ಎಲ್ಲರಿಗೂ ಮೇಲೆ. ಅವಧಿ ಮುಗಿದ ದಿನವೇ ಚುನಾವಣೆ ಯಾವಾಗ ಎಂದು ಕೇಳಿ ಕಚೇರಿ ಮುಂದೆ ಕೂರುವುದೂ ಕನ್ನಡದ ಹೋರಾಟವೇ.

ಶಾಲು ಬಾಡಿಗೆಗಿಲ್ಲ

ಕೊನೆಯದಾಗಿ ಇಲ್ಲಿ ಕೂತಿರುವ ಕಾರ್ಯಕರ್ತ ತಮ್ಮಂದಿರಿಗೆ ಎರಡು ಮಾತು. ನಿಮ್ಮ ಹೆಗಲ ಮೇಲಿರುವ ಹಳದಿ-ಕೆಂಪು ಶಾಲಿಗೆ ಚುನಾವಣೆ ಸಮಯದಲ್ಲಿ ಬಹಳ ಬೇಡಿಕೆ. ಒಂದು ಮೆರವಣಿಗೆಗೆ ಇಷ್ಟು, ಒಂದು ಸಭೆಗೆ ಇಷ್ಟು ಎಂದು ರೇಟು ಹೇಳಿಕೊಂಡು ಬರುತ್ತಾರೆ. ಮತದಾರನಿಗೆ ನೋಟು ಬೇಡ ಎಂದು ಹೇಳಬೇಕಾದವರು ನೀವು. ನೀವೇ ಕವರು ಹಿಡಿದುಕೊಂಡರೆ ನಿಮ್ಮ ಮಾತಿಗೆ ಮೂರು ಕಾಸಿನ ಬೆಲೆಯೂ ಉಳಿಯುವುದಿಲ್ಲ. ನಿಮಗೆ ವೈಯಕ್ತಿಕವಾಗಿ ಯಾವ ಪಕ್ಷ ಬೇಕೋ ಅದಕ್ಕೆ ವೋಟು ಹಾಕಿ, ಬೇಕಿದ್ದರೆ ಕೆಲಸವನ್ನೂ ಮಾಡಿ. ಆ ದಿನ ಶಾಲು ಮನೆಯಲ್ಲಿ ಮಡಚಿಡಿ.

ಬೇರೆ ಕೆಲಸ ಬೇಕಾದಷ್ಟಿದೆ. ಸುಪ್ರೀಂ ಕೋರ್ಟಿನ ೨೦೦೨ರ ತೀರ್ಪಿನ ನಂತರ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಆಸ್ತಿ, ಸಾಲ, ವಿದ್ಯೆ, ತನ್ನ ಮೇಲಿರುವ ಕ್ರಿಮಿನಲ್ ಮೊಕದ್ದಮೆ ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಚುನಾವಣಾ ಆಯೋಗ ಅದನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತದೆ. ಎಷ್ಟು ಜನ ಓದಿದ್ದೇವೆ? ಎಷ್ಟೋ ಸಲ ಅದು ಇಂಗ್ಲಿಷಿನಲ್ಲಿ ಇರುತ್ತದೆ. ಅದನ್ನು ತಂದು ಕನ್ನಡ ಮಾಡಿ, ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ಎಲ್ಲ ಅಭ್ಯರ್ಥಿಗಳದ್ದನ್ನೂ ಪಕ್ಕ ಪಕ್ಕದಲ್ಲಿಟ್ಟು ಮನೆಮನೆಗೆ ಹಂಚಿ. ಕಳೆದ ಸಲ ಇಷ್ಟಿದ್ದ ಆಸ್ತಿ ಈ ಸಲ ಎಷ್ಟಾಯಿತು? ಸಂತೆ ದಿನ ಹೋಟೆಲಿನ ಬೆಂಚಿನ ಮೇಲೆ ಜನ ಇದನ್ನು ಓದಿ ಮಾತಾಡಬೇಕು. ಅದಕ್ಕಿಂತ ದೊಡ್ಡ ರಾಜ್ಯೋತ್ಸವ ಬೇಕಾಗಿಲ್ಲ.

ಎಲ್ಲ ಅಭ್ಯರ್ಥಿಗಳನ್ನೂ ಒಂದೇ ವೇದಿಕೆಗೆ ಕರೆಯಿರಿ. ಮೂರೇ ಪ್ರಶ್ನೆ ಹಾಕಿ. ನಿನ್ನ ಅಧಿಕಾರದೊಳಗಿನ ಯಾವ ಕೆಲಸವನ್ನು ಎಷ್ಟು ದಿನದಲ್ಲಿ ಮಾಡುತ್ತೀಯ? ನಿನ್ನ ಪಕ್ಷ ನಾಡಿಗೆ ವಿರುದ್ಧವಾದರೆ ಏನು ಮಾಡುತ್ತೀಯ? ವರ್ಷಕ್ಕೊಮ್ಮೆ ಇದೇ ಜಾಗಕ್ಕೆ ಬಂದು ಲೆಕ್ಕ ಕೊಡುತ್ತೀಯಾ? ಬಾರದವನ ಕುರ್ಚಿಯನ್ನು ಖಾಲಿ ಬಿಟ್ಟು ಸಭೆ ನಡೆಸಿ. ಯಾರೂ ಮನಸ್ಸಿಗೆ ಬಾರದಿದ್ದರೆ ೨೦೧೩ರಿಂದ ಯಂತ್ರದಲ್ಲಿ ಕೊನೆಯ ಗುಂಡಿಯೊಂದಿದೆ, ಮೇಲಿನ ಯಾರೂ ಅಲ್ಲ ಎಂದು. ಅದಕ್ಕೆ ಎಷ್ಟೇ ಮತ ಬಿದ್ದರೂ ಉಳಿದವರಲ್ಲಿ ಹೆಚ್ಚು ಮತ ಪಡೆದವನೇ ಗೆಲ್ಲುತ್ತಾನೆ. ಆದರೂ ಮನೆಯಲ್ಲಿ ಮಲಗುವುದಕ್ಕಿಂತ ಹೋಗಿ ಅದನ್ನು ಒತ್ತುವುದು ಮೇಲು. ಅದಕ್ಕಿಂತ ಮೇಲು, ನಿಮ್ಮೊಳಗೇ ಒಬ್ಬ ಯೋಗ್ಯನನ್ನು ಹುಡುಕಿ, ಒಂದು ವೋಟಿನ ಜೊತೆಗೆ ಒಂದು ನೋಟನ್ನೂ ಕೊಟ್ಟು ನಿಲ್ಲಿಸುವುದು.

ಇದು ಆಗದ ಮಾತು ಎನ್ನಬೇಡಿ. ೧೯೪೨ರಲ್ಲಿ ನಮ್ಮ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ಬ್ರಿಟಿಷರ ಅಧಿಕಾರವೇ ಬೇಡವೆಂದು ತಮ್ಮದೇ ಆಡಳಿತ ಘೋಷಿಸಿದರು. ಊರಿನ ಇಬ್ಬರು ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ಮಾಡಿದರು. ೧೯೪೩ರ ಮಾರ್ಚ್‌ನಲ್ಲಿ ಆ ಊರಿನ ಐವರು ಗಲ್ಲಿಗೇರಿದರು. ನಮ್ಮನ್ನು ಆಳುವವರನ್ನು ನಾವೇ ಆರಿಸುತ್ತೇವೆ ಎಂಬ ಮಾತಿಗೆ ಅವರು ಕೊಟ್ಟ ಬೆಲೆ ಐದು ಪ್ರಾಣ. ಅವರು ಅಷ್ಟು ಕೊಟ್ಟು ಪಡೆದದ್ದನ್ನು ನಾವು ದಿನಕ್ಕೆ ಒಂದು ರೂಪಾಯಿ ಹತ್ತು ಪೈಸೆಗೆ ಬಿಟ್ಟುಕೊಡಬೇಕೆ? ಮನೆಗೆ ಹೋಗಿ ಯೋಚನೆ ಮಾಡಿ. ಹೆಂಡತಿ ಮಕ್ಕಳ ಜೊತೆ ಮಾತಾಡಿ. ಹದಿನೆಂಟು ತುಂಬಿದ ಮಗನ, ಮಗಳ ಹೆಸರು ಪಟ್ಟಿಯಲ್ಲಿದೆಯೋ ಇಲ್ಲವೋ ನಾಳೆಯೇ ಹೋಗಿ ನೋಡಿ.

 

ಸಿರಿಗನ್ನಡಂ ಗೆಲ್ಗೆ.